ಚಪ್ಪಾಳಿ

ಶಹಾಬಾದಿನಾಗ ನಮ್ಮ ಮನಿ ನೆಲ ಪರ್ಸಿ ಕಲ್ಲಿಂದು.
ಅಪ್ಪ ಖಣಿಯಾಗಿಂದ ಒಂದೊಂದೇ ಆರಿಸಿ ತಂದು ಹಾಸಿದ್ದು.
ಮೂಲ್ಯಾಗಿಂದು ಒಂದು ಸೀಳ್ಯದ,
ಅದ್ರಾಗ ಇರುವಿ ಸಂಸಾರ.

ಸಣ್ಣಾಕಿ ಇದ್ದಾಗ ಬ್ಯಾಸಗಿ ಮಧ್ಯಾನ
ಅಂಗಾಲಿನಿಂದ ನೆತ್ತಿ ತನಕ ತಂಪು ಏರ್ತಿತ್ತು.
ಈಗ ಅಂಗಳದ ಕಲ್ಲಿಗೆ ಬಗ್ಗಿ, ಅಂಗೈ ಇಟ್ಟು ಕೇಳ್ತೀನಿ:
ಕಾದೀಯೇನು?
ಹೋದ ವರ್ಷ ಕೇಳದೆ ನಿಂತಿದ್ದೆ,
ಸಂಜೀಕ ಗುಳ್ಳಿ ನೋಡಿದ ಮ್ಯಾಲೇ ತಿಳೀತು.

ಮೊದಲು ಕಿರಿಬೆರಳು ಹೋಯ್ತು.
ಕಾಲುಂಗುರ ಜಾರಿದ್ದು ನನಗ ಗೊತ್ತಾಗಲಿಲ್ಲ,
ಅತ್ತಿಗೆ ಗೊತ್ತಾತು.
ಆಮ್ಯಾಲ ಅಂಗಾಲು. ಈಗ ಹರಡಿನ ತನಕ.
ಕರೆಂಟ್ ಹೋದ್ರ ನಿಂತಲ್ಲೇ ನಿಲ್ತೀನಿ.
ಮಾರಿಗೆ ಸಬಕಾರ ಹಚ್ಚಿ ಕಣ್ಣು ಮುಚ್ಚಿದ್ರ
ಬಚ್ಚಲ ಗ್ವಾಡಿಗೆ ಭುಜ ಕೊಟ್ಟಿರಬೇಕು,
ಇಲ್ಲಂದ್ರ ನೆಲ ಎಲ್ಲದ ಅಂತ ಹೇಳವ್ರು ಯಾರೂ ಇಲ್ಲ.

ನೋವಿಲ್ಲ ಅಂತಲ್ಲ.
ರಾತ್ರಿ, ಖಾರ ಕುಟ್ಟಿದ ಒಳ್ಳಾಗ ಕಾಲಿಟ್ಟಂಗ.
ತಾಗಿದ್ದು ತಾಗೂದಿಲ್ಲ,
ಇಲ್ಲದ್ದು ಉರೀತದ.

ಹೊಲಿಗಿ ಮಷೀನಿಗೆ ಮೋಟರ್ ಕೂಡಿಸೀನಿ.
ಎಷ್ಟು ಒತ್ತೀನಿ ಅಂತ ಸೂಜಿ ಮಾರಿ ನೋಡೇ ತಿಳೀಬೇಕು.
ನೀಲಗಂಗಾ ಕುಬಸಕ್ಕಂತ ಕೊಟ್ಟ ಜಂಪರು,
ಸರ್ರಂತ ಓಡಿ ತೋಳಿನ ಬಾಯೇ ಹೊಲದು ಬಿಟ್ಟೆ.
ಆಕಿ ಹೊಟ್ಟಿ ಹಿಡಕೊಂಡು ನಕ್ಕಳು.
ನಾನೂ ನಕ್ಕೆ. ಆಮ್ಯಾಲ ಟಾಕಿ ಬಿಚ್ಚಿಕೋತ ಕುಂತೆ.

ಕಲಬುರಗಿ ದವಾಖಾನಿಯಾಗ ಸಣ್ಣ ವಯಸ್ಸಿನ ಡಾಕ್ಟರಮ್ಮ
ಉಕ್ಕಿನ ಕವಲೊಂದು ಮೊಣಕೈಗೆ ಬಡದು
ನನ್ನ ಹರಡಿನ ಎಲುಬಿಗೆ ಇಟ್ಟಳು.
ಗುಂಯ್ ಅಂತದೇನ್ರಿ?
ಕೇಳ್ತದ್ರಿ.
ಕಿವಿಗಲ್ಲ, ಕಾಲಿಗೆ.
ನಾ ಸುಮ್ಮನಾದೆ.
ಆ ಕವಲೂ ಸುಮ್ಮನಾಗೂ ತನಕ ಇಬ್ಬರೂ ಕಾಯ್ದೆವು.
ಆಮ್ಯಾಲ ಕಾಗದದ ಮ್ಯಾಲಿಂದ ಕಣ್ಣೆತ್ತದೆ ಕೇಳಿದಳು:
ನಿಮ್ಮ ಮನ್ಯಾಗ ಮೊದಲು ಯಾರಿಗರೆ ಇತ್ತೇನು?

ಚಪ್ಪಾಳಿ ಸಾಯಬಣ್ಣ ಅಂತಿದ್ರು ಊರಾಗ.
ಪಾದ ಎತ್ತಲಾಕ ಬರದೆ ಮೊಣಕಾಲು ಎತ್ತೆತ್ತಿ ಇಡ್ತಿದ್ದ,
ಪರ್ಸಿ ಮ್ಯಾಲ ಚಪ್. ಚಪ್.
ಮುಕಾದಮ ಅಂದ, ಮುಂಜಾನೇನೇ ಹಾಕ್ಯಾನ.
ಅವ್ವ ದಿನಾ ಬಾಯಿ ಮೂಸಿ ನೋಡ್ತಿದ್ಲು,
ಎಲಿ ಅಡಕಿ ಬಿಟ್ರ ಬ್ಯಾರೆ ವಾಸನಿ ಇಲ್ಲ.
ಆದ್ರೂ ನಂಬಲಿಲ್ಲ.
ನಾ ಏಳನೇತ್ತ ಇದ್ದಾಗ ಒಂದಿನ ಬುತ್ತಿ ಮರ್ತಿದ್ದೆ.
ಅಪ್ಪ ಅದನ್ನ ಹಿಡಕೊಂಡು ಸಾಲಿ ಗೇಟಿಗೆ ಬಂದ.
ಅವನ ಹೆಜ್ಜಿಗೆ ಸರಿಯಾಗಿ ಹುಡುಗ್ಯಾರು ಚಪ್ಪಾಳಿ ಹೊಡದ್ರು.
ನಾನೂ ಹೊಡದೆ.
ಎರಡೇ ಸಲ.
ಅವ ಬುತ್ತಿ ಗೇಟಿನ ಕಟ್ಟಿ ಮ್ಯಾಲಿಟ್ಟು
ಹೊಳ್ಳಿ ಹೋದ.

ಹೂಂರಿ, ಅಪ್ಪಗ ಇತ್ತು.
ಬರಕೊಂಡಳು.

ಈಗ ಮಷೀನಿಂದ ಬಾಗಿಲಿಗೆ ಹದಿನೆಂಟು ಚಪ್ಪಾಳಿ.
ಎಣಿಸೀನಿ.
ಗಿರಾಕಿ ಬಂದ್ರ ಹದಿನೆಂಟು, ಹೋದ್ರ ಹದಿನೆಂಟು,
ಯಾವ ಆಟ ಗೆದ್ದೀನೋ ಗೊತ್ತಿಲ್ಲ.

ಡಾಕ್ಟರಮ್ಮ ಇನ್ನೊಂದು ಮಾತು ಹೇಳ್ಯಾಳ.
ಮಗಳ ಒದ್ದಿ ಹೆಜ್ಜಿ ನೋಡ್ರಿ.
ಹಿಮ್ಮಡ ಒಂದು ಕಡಿ, ಬೆರಳು ಒಂದು ಕಡಿ ಮೂಡಿ
ನಡಬರಕ ಏನೂ ಮೂಡದಿದ್ರ ಕರಕೊಂಡು ಬರ್ರಿ.
ಅಪ್ಪಂದು ಹಂಗೇ ಇತ್ತು. ನಂದೂ.
ಎರಡು ದಂಡಿ, ನಡಬರಕ ಬ್ಯಾಸಗಿ ಕಾಗಿಣಾ.

ಭಾಗ್ಯವಂತಿಗೆ ಹನ್ನೊಂದು.
ಜಳಕ ಮಾಡಿದಾಕಿ ಟವೆಲ್ ಸುತ್ತಿಕೊಂಡು
ಪರ್ಸಿ ಮ್ಯಾಲ ಒದ್ದಿ ಕಾಲಿಲೆ ಓಡಿದಳು.
ಆರು ಹೆಜ್ಜಿ ಎಣಿಸಿದೆ ಇಲ್ಲಿಂದೇ.
ಎದ್ದೆ. ಗ್ವಾಡಿ ಹಿಡದೆ. ಚಪ್. ಚಪ್.
ಒಳಗಿಂದ ಅಂದಳು, ಯವ್ವಾ,
ನೀ ಬರೂದು ಎಲ್ಲಿದ್ರೂ ನಂಗ ಗೊತ್ತಾಗ್ತದ ನೋಡು.

ನಾ ಹೋಗಿ ಬಗ್ಗೂದ್ರಾಗ
ಅಪ್ಪನ ಕಲ್ಲು ಎಲ್ಲಾ ಕುಡದು ಕುಂತಿತ್ತು.
ಅಂಗೈ ಇಟ್ಟೆ. ಇನ್ನೂ ತುಸು ತಂಪಿತ್ತು.

ನಾಳಿ ಮತ್ತ ಜಳಕ ಅದ.